ಬಾಣಂತಿಯ ಮನಸ್ಸನ್ನು ಕೇಳುವವರಾರು?

ಸವದತ್ತಿ ಸೀಮೆಯ ಸಿರಸಂಗಿಯಲ್ಲಾಗಲಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಭಾಗದ ಯಾವುದೇ ಹಳ್ಳಿಯಲ್ಲಾಗಲಿ ಒಂದು ಮನೆಯಲ್ಲಿ ಕೂಸು ಹುಟ್ಟಿತೆಂದರೆ ಆ ಸಂತೋಷ ಆ ಮನೆಯೊಳಗೇ ಉಳಿಯುವುದಿಲ್ಲ, ಓಣಿಗೆಲ್ಲ ಹಂಚಿಹೋಗುತ್ತದೆ. ಅಂಟಿನ ಉಂಡಿ ಕಟ್ಟುವ ಕೈಗಳು, ಶೇಗಡಿಗೆ ಕೆಂಡ ತುಂಬುವ ಕೈಗಳು, ಕೂಸಿಗೆ ಎಣ್ಣೆ ತೀಡಿ ಎರೆಯುವ ಕೈಗಳು ತಾವಾಗಿಯೇ ಮುಂದೆ ಬರುತ್ತವೆ. ನೋಡಲು ಬಂದವರು ತೊಟ್ಟಿಲಿಗೆ ಬಾಗಿ ನೂರು ಪ್ರಶ್ನೆ ಕೇಳುತ್ತಾರೆ. ಗಂಡೋ ಹೆಣ್ಣೋ? ತೂಕ ಎಷ್ಟು? ಮುಖ ಯಾರನ್ನು ಹೋಲುತ್ತದೆ? ತಾಯಿಗೆ ಹಾಲು ಸಾಕಷ್ಟು ಇದೆಯೇ? ಆದರೆ ಅದೇ ಕೋಣೆಯಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲೆ ಕುಳಿತ ಹೆಣ್ಣುಮಗಳಿಗೆ, “ನಿನ್ನ ಮನಸ್ಸು ಹೇಗಿದೆ?” ಎಂದು ಕೇಳುವವರು ಬಹಳ ವಿರಳ. ಕೇಳದೇ ಉಳಿದ ಈ ಒಂದು ಪ್ರಶ್ನೆಯ ಕುರಿತು ನಾವು ಈ ವಾರ ವಾಚಕರ ಗಮನ ಸೆಳೆಯಬಯಸುತ್ತೇವೆ.

ಹೆರಿಗೆಯ ನಂತರ ತಾಯಂದಿರನ್ನು ಕಾಡುವ ಖಿನ್ನತೆ ಪಟ್ಟಣದವರ ರೋಗ, ಓದಿದವರ ರೋಗ, ಕೆಲಸವಿಲ್ಲದವರ ರೋಗ ಎಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ. ವಸ್ತುಸ್ಥಿತಿ ಬೇರೆಯಾಗಿದೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ನೂರು ತಾಯಂದಿರಲ್ಲಿ ಸುಮಾರು 22 ಮಂದಿ ಈ ಖಿನ್ನತೆಗೆ ತುತ್ತಾಗುತ್ತಾರೆ. ಐದು ತೊಟ್ಟಿಲುಗಳಿದ್ದರೆ ಅವುಗಳಲ್ಲಿ ಒಂದರ ಪಕ್ಕದಲ್ಲಿ ಇಂತಹ ತಾಯಿಯೊಬ್ಬಳು ಕುಳಿತಿದ್ದಾಳೆ ಎಂದಾಯಿತು. ಅವಳು ಯಾವ ಓಣಿಯವಳು, ಯಾವ ಸಮಾಜದವಳು ಎಂಬ ಭೇದ ಈ ಬೇನೆಗೆ ಇಲ್ಲ.

ಹೆಸರಿಲ್ಲದ ಬೇನೆ

ನಮ್ಮ ನಾಡಿಗೆ ಈ ವಿಷಯ ಪೂರ್ತಿ ಅಪರಿಚಿತವೇನೂ ಅಲ್ಲ. ‘ಬಾಣಂತಿ ಸನ್ನಿ’ ಎಂಬ ಮಾತನ್ನು ನಮ್ಮ ಅಜ್ಜಿಯರೆಲ್ಲ ಬಲ್ಲರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೆಣ್ಣುಮಗಳು ನಿದ್ದೆಗೆಟ್ಟು, ಅಸಂಬದ್ಧವಾಗಿ ಮಾತನಾಡುತ್ತ, ಇಲ್ಲದ್ದನ್ನು ಕಾಣುತ್ತ, ತನ್ನವರನ್ನೇ ಶಂಕಿಸುವ ತೀವ್ರ ಸ್ಥಿತಿಗೆ ಅವರು ಇಟ್ಟ ಹೆಸರು ಅದು. ಐರೋಪ್ಯ ವೈದ್ಯರೂ ಇದನ್ನು ಬಹು ಹಿಂದೆಯೇ ಗುರುತಿಸಿದ್ದರು. ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ ಎಂಬ ವೈದ್ಯನು 1858ರಷ್ಟು ಹಿಂದೆಯೇ ಗರ್ಭಿಣಿಯರ ಮತ್ತು ಬಾಣಂತಿಯರ ಮನೋರೋಗಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದನು. ಆದರೆ ಸನ್ನಿ ಅಪರೂಪದ್ದು. ಸಾವಿರ ಹೆರಿಗೆಗಳಲ್ಲಿ ಒಂದೆರಡು ಮಂದಿಗೆ ಮಾತ್ರ ಬರುವಂಥದು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಕಾಣುವ, ಸದ್ದಿಲ್ಲದ ಖಿನ್ನತೆಗೆ ಮಾತ್ರ ನಮ್ಮ ಮನೆಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದ ಬೇನೆಯನ್ನು ಹೇಳಿಕೊಳ್ಳುವುದು ಕಷ್ಟ. ಆದ್ದರಿಂದಲೇ ಅದು ‘ಸೊಕ್ಕು’, ‘ಆಲಸ್ಯ’, ‘ದೃಷ್ಟಿ’, ‘ಗಾಳಿ ಸೋಂಕು’ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಮುಚ್ಚಿಹೋಗುತ್ತದೆ.

ಹೆಣ್ಣುಮಕ್ಕಳು ತಮ್ಮ ಸಂಕಟವನ್ನು ಹೇಳುವುದೇ ಇಲ್ಲವೆಂದೇನೂ ಅಲ್ಲ. “ಯಾಕೋ ಜೀವಕ್ಕ ಹಿತಾ ಅನಸವಲ್ದು”, “ಎದಿ ಭಾರ ಆಗೈತಿ”, “ಕೂಸು ಮಲಗಿದ್ರೂ ನಿದ್ದೀನ ಬರವಲ್ದು”, “ಏನೂ ಬ್ಯಾಡ ಅನಸ್ತೈತಿ” ಎಂಬ ಮಾತುಗಳು ಬಾಣಂತಿಯ ಕೋಣೆಯಿಂದ ಬರುತ್ತಲೇ ಇರುತ್ತವೆ. ತಲೆ ನೋವು, ಸೊಂಟ ನೋವು, ಕೈಕಾಲು ಹರಿತ ಎಂಬ ದೇಹದ ದೂರುಗಳ ವೇಷದಲ್ಲಿಯೂ ಮನಸ್ಸಿನ ದುಃಖ ಹೊರಬೀಳುತ್ತದೆ. ಕೇಳಿಸಿಕೊಳ್ಳುವವರು ಅದನ್ನು ರೋಗದ ಮಾತೆಂದು ತಿಳಿಯದೆ, “ನಾವೇನು ಹಡದಿಲ್ಲೇನು?” ಎಂದು ಒಂದೇ ಏಟಿಗೆ ಬಾಯಿ ಮುಚ್ಚಿಸಿಬಿಡುತ್ತಾರೆ. ಆ ಮಾತಿನ ನಂತರ ಅವಳು ಮತ್ತೆ ಬಾಯಿ ತೆರೆಯುವುದಿಲ್ಲ.

ಗುರುತಿಸುವುದು ಹೇಗೆ?

ಇಲ್ಲಿ ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಅವಶ್ಯ. ಮೊದಲನೆಯದು, ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ಕಾಣಿಸಿಕೊಳ್ಳುವ ಹಗುರಾದ ದುಗುಡ. ಕಾರಣವಿಲ್ಲದೆ ಕಣ್ಣೀರು, ಒಮ್ಮೆ ನಗು ಒಮ್ಮೆ ಅಳು, ಚಿಕ್ಕ ಮಾತಿಗೂ ಮನನೋವು ಇದರ ಲಕ್ಷಣಗಳು. ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಇದು ಕಾಣುತ್ತದೆ. ವಿಶ್ರಾಂತಿ, ನಿದ್ದೆ, ಮನೆಯವರ ಸಮಾಧಾನದ ಮಾತು ಇಷ್ಟರಿಂದಲೇ ಹತ್ತು ಹದಿನಾಲ್ಕು ದಿನಗಳಲ್ಲಿ ತಾನಾಗಿ ಇಳಿದುಹೋಗುತ್ತದೆ. ಇದಕ್ಕೆ ಔಷಧ ಬೇಡ.

ಎರಡನೆಯದು ಖಿನ್ನತೆ. ದುಗುಡವು ಎರಡು ವಾರ ಕಳೆದರೂ ಇಳಿಯದೆ, ದಿನದ ಬಹುಭಾಗ ಮನಸ್ಸನ್ನು ಕವಿದುಕೊಂಡಿದ್ದರೆ ಅದನ್ನು ರೋಗವೆಂದೇ ತಿಳಿಯಬೇಕು. ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಊಟ ಸೇರದಿರುವುದು, ಕೂಸು ಮಲಗಿದಾಗಲೂ ತನಗೆ ನಿದ್ದೆ ಹತ್ತದಿರುವುದು, ಕೂಸಿನ ಮೇಲೆ ಮಮತೆ ಹುಟ್ಟುತ್ತಿಲ್ಲವೆಂಬ ಭಯ, ಇಲ್ಲವೇ ಕೂಸಿಗೆ ಏನೋ ಆಗಿಬಿಡುತ್ತದೆಂಬ ಬಿಡದ ಕಳವಳ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ತಪ್ಪಿತಸ್ಥ ಭಾವನೆ, ಬದುಕೇ ಬೇಡವೆನ್ನಿಸುವುದು: ಇವು ಅದರ ಗುರುತುಗಳು. ಇದು ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿ ಆರಂಭವಾಗುತ್ತದೆಯಾದರೂ ಕೂಸಿಗೆ ವರ್ಷ ತುಂಬುವುದರೊಳಗೆ ಯಾವಾಗಲಾದರೂ ಬರಬಹುದು. ಎಷ್ಟೋ ಮಂದಿಯಲ್ಲಿ ಇದರ ಬೇರು ಗರ್ಭಿಣಿಯಾಗಿದ್ದಾಗಲೇ ಇರುತ್ತದೆ.

ಮೂರನೆಯದು ಸನ್ನಿ. ಮೊದಲ ಎರಡು ವಾರಗಳಲ್ಲಿಯೇ ಇದು ಬಹುತೇಕ ತಲೆದೋರುತ್ತದೆ. ಹಿಂದೆ ತೀವ್ರ ಮನೋರೋಗ ಬಂದುಹೋದವರಿಗೆ, ಮನೆತನದಲ್ಲಿ ಅದು ಇದ್ದವರಿಗೆ ಅಪಾಯ ಹೆಚ್ಚು. ಇಲ್ಲಿ ಒಂದು ದಿನವನ್ನೂ ಕಾಯುವಂತಿಲ್ಲ. ತಾಯಿಯನ್ನಾಗಲಿ ಕೂಸನ್ನಾಗಲಿ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಂಜು, ಜ್ವರ, ರಕ್ತದೊತ್ತಡ ಮೊದಲಾದ ದೇಹದ ಕಾರಣಗಳೂ ಇಂತಹ ಗೊಂದಲವನ್ನು ತರಬಲ್ಲವಾದ್ದರಿಂದ ವೈದ್ಯರ ಪರೀಕ್ಷೆ ಮೊದಲು ಆಗಬೇಕು. ತಾಯತ, ಅಂಗಾರಗಳಲ್ಲಿ ಆ ಅಮೂಲ್ಯ ಗಳಿಗೆಗಳನ್ನು ಕಳೆಯುವುದು ಎರಡು ಜೀವಗಳನ್ನು ಪಣಕ್ಕಿಟ್ಟಂತೆ.

ಖಿನ್ನತೆಯನ್ನು ಪತ್ತೆಮಾಡಲು ದುಬಾರಿ ಯಂತ್ರಗಳು ಬೇಕಾಗಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ಹೆಸರಿನಲ್ಲಿ 1987ರಲ್ಲಿ ಪ್ರಕಟವಾದ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಕನ್ನಡ ರೂಪವನ್ನು ಗ್ರಾಮೀಣ ಗರ್ಭಿಣಿಯರಲ್ಲಿ ಪರೀಕ್ಷಿಸಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ಅಷ್ಟೂ ಆಗದಿದ್ದರೆ ಎರಡೇ ಪ್ರಶ್ನೆಗಳು ಸಾಕು: ಕಳೆದ ಒಂದು ತಿಂಗಳಲ್ಲಿ ಮನಸ್ಸಿಗೆ ಬಹಳ ಬೇಸರ, ನಿರಾಶೆ ಕಾಡಿದೆಯೇ? ಯಾವ ಕೆಲಸದಲ್ಲಿಯೂ ಆಸಕ್ತಿ, ಸಂತೋಷ ಇಲ್ಲದಂತಾಗಿದೆಯೇ? ಈ ಎರಡರಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಮುಂದಿನ ವಿಚಾರಣೆ ಅಗತ್ಯ. ‘ಜೀವ ಬೇಡ ಅನ್ನಿಸುತ್ತದೆಯೇ?’ ಎಂದು ಕೇಳಲು ಹಿಂಜರಿಯುವವರು ಹಲವರು. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತೆಂಬ ಅಂಜಿಕೆ ಅವರದು. ಆ ಅಂಜಿಕೆ ನಿರಾಧಾರ. ನಂಬಿಕೆಯವರು ಮೃದುವಾಗಿ ಕೇಳಿದಾಗ ಒಳಗಿನ ಭಾರವನ್ನು ಇಳಿಸಲು ಅವಳಿಗೊಂದು ದಾರಿ ಸಿಕ್ಕಂತಾಗುತ್ತದೆ.

ಕಾರಣಗಳು ಯಾವುವು?

ಹೆರಿಗೆಯಾದ ಒಂದೆರಡು ದಿನಗಳಲ್ಲಿ ದೇಹದೊಳಗಿನ ಹಾರ್ಮೋನುಗಳ ಪ್ರಮಾಣ ಒಮ್ಮೆಲೇ ಕುಸಿಯುತ್ತದೆ. ಅದರ ಮೇಲೆ ರಾತ್ರಿಯ ನಿದ್ದೆಗೇಡು, ರಕ್ತಹೀನತೆ, ಹೊಲಿಗೆಯ ನೋವು. ಕೆಲವರಲ್ಲಿ ಹೆರಿಗೆಯ ನಂತರ ಥೈರಾಯ್ಡ್ ಗ್ರಂಥಿ ಏರುಪೇರಾಗಿ ಖಿನ್ನತೆಯಂತೆಯೇ ಕಾಣುವುದುಂಟು. ಆದ್ದರಿಂದ ರಕ್ತಪರೀಕ್ಷೆಯೂ ಉಪಯುಕ್ತ. ಆದರೆ ದೇಹವೊಂದೇ ಕಾರಣವಲ್ಲ. ನಮ್ಮ ನೆರೆಯ ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆರಿಗೆಯಾಗಿ ಆರರಿಂದ ಎಂಟು ವಾರಗಳಾದ ತಾಯಂದಿರ ಪೈಕಿ ಶೇ. 23ರಷ್ಟು ಮಂದಿಯಲ್ಲಿ ಖಿನ್ನತೆ ಕಂಡುಬಂದಿತು. ಅದರ ಹಿಂದೆ ಕಂಡ ಕಾರಣಗಳಲ್ಲಿ ಬಡತನ, ದಾಂಪತ್ಯದ ವಿರಸ, ಗಂಡನ ಹಿಂಸೆ ಇದ್ದವು. ಹುಟ್ಟಿದ ಕೂಸು ಹೆಣ್ಣೆಂಬುದೂ ಒಂದಾಗಿತ್ತು.

ಈ ಕೊನೆಯ ಮಾತಿನ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಹೆಣ್ಣು ಕೂಸು ತಾಯಿಯಲ್ಲಿ ಖಿನ್ನತೆಯನ್ನು ತರುವುದಿಲ್ಲ. ಅದನ್ನು ತರುವುದು ಹೆಣ್ಣು ಕೂಸು ಹುಟ್ಟಿತೆಂದು ಮೋರೆ ಸಣ್ಣದು ಮಾಡಿಕೊಳ್ಳುವ ಮನೆ. ಸಿರಸಂಗಿಯ ಕಾಳಮ್ಮನನ್ನು, ಸವದತ್ತಿಯ ಎಲ್ಲಮ್ಮನನ್ನು ತಾಯಿಯೆಂದು ಕರೆಯುವ ನಾಡು ಇದು. ದೇವಮಾತೆಯ ಮುಂದೆ ಮೊಂಬತ್ತಿ ಹಚ್ಚುವ ಕುಟುಂಬಗಳೂ ಇಲ್ಲಿ ಇವೆ. ಅಂತಹ ನಾಡಿನ ಮನೆಯೊಂದರಲ್ಲಿ ಎರಡನೆಯದೂ ಹೆಣ್ಣೆಂಬ ಕಾರಣಕ್ಕೆ ಬಾಣಂತಿಯ ಊಟದ ತಾಟು ಬಡವಾಗುವುದಾದರೆ, ಗಂಡ ತವರಿಗೆ ಬಂದು ಕೂಸಿನ ಮುಖ ನೋಡಲು ತಡಮಾಡುವುದಾದರೆ, ನಾವು ಎಂತಹ ತಾಯ್ತನವನ್ನು ಗೌರವಿಸುತ್ತಿದ್ದೇವೆ?

ತಾಯಿಯ ಖಿನ್ನತೆ ಕೂಸನ್ನೂ ತಟ್ಟುತ್ತದೆ. ಗೋವಾದ ಅದೇ ಸಂಶೋಧಕರು 2003ರಲ್ಲಿ ಪ್ರಕಟಿಸಿದಂತೆ, ಖಿನ್ನತೆಗೊಳಗಾದ ತಾಯಂದಿರ ಕೂಸುಗಳು ಆರು ತಿಂಗಳಾದಾಗ ತೂಕದಲ್ಲಿ ಹಿಂದುಳಿಯುವ ಸಂಭವ ಇತರ ಕೂಸುಗಳಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಅಂಗನವಾಡಿಯಲ್ಲಿ ಕೂಸಿನ ತೂಕ ಕಡಿಮೆ ಬಂದಾಗ ನಾವು ಹಾಲಿನ ಪುಡಿಯನ್ನು ಹುಡುಕುತ್ತೇವೆ. ಆಗಲೇ ತಾಯಿಯ ಮನಸ್ಸನ್ನೂ ವಿಚಾರಿಸುವುದು ವಿವೇಕ.

ಇನ್ನು ತಂದೆಯ ಮಾತು. ಖಿನ್ನತೆ ಹೆತ್ತವಳಿಗಷ್ಟೇ ಬರುವುದೆಂದು ತಿಳಿದವರಿಗೆ ಆಶ್ಚರ್ಯವಾಗಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಹೊಸ ತಂದೆಯರಲ್ಲಿ ಹತ್ತರಲ್ಲಿ ಒಬ್ಬರು ಇದಕ್ಕೆ ಒಳಗಾಗುತ್ತಾರೆ. ಕೂಸಿಗೆ ಮೂರರಿಂದ ಆರು ತಿಂಗಳಾಗುವ ಅವಧಿಯಲ್ಲಿ ಇದು ಹೆಚ್ಚು. ಗಂಡಸು ಅಳುವುದಿಲ್ಲ, ಸಿಡುಕುತ್ತಾನೆ, ಮನೆಗೆ ತಡವಾಗಿ ಬರುತ್ತಾನೆ, ಕುಡಿತಕ್ಕೆ ಇಳಿಯುತ್ತಾನೆ. ಆಸ್ಪತ್ರೆಯ ಬಿಲ್ಲು, ಪೀಕಿನ ಸಾಲ, ತವರಿನಲ್ಲಿರುವ ಹೆಂಡತಿಯಿಂದ ದೂರ ಇವೆಲ್ಲ ಅವನ ತಲೆಯ ಮೇಲಿರುತ್ತವೆ. ಅವನ ಒರಟುತನವನ್ನು ಸಹಿಸಿಕೊಂಡು ಹೋಗಿರೆಂದು ನಾವು ಹೇಳುತ್ತಿಲ್ಲ. ಅವನಿಗೂ ವೈದ್ಯರ ನೆರವು ಬೇಕಾಗಬಹುದೆಂದು ಹೇಳುತ್ತಿದ್ದೇವೆ.

ಚಿಕಿತ್ಸೆ ಇದೆ, ಗುಣವೂ ಇದೆ

ಈ ಬೇನೆ ಗುಣವಾಗುವಂಥದು ಎಂಬುದನ್ನು ವಾಚಕರು ಮುಖ್ಯವಾಗಿ ಮನಗಾಣಬೇಕು. ಸೌಮ್ಯ ಖಿನ್ನತೆಗೆ ತರಬೇತಿ ಪಡೆದವರ ಆಪ್ತಸಮಾಲೋಚನೆ, ಮನೆಯವರ ಆಸರೆ ಇವೇ ಬಹುಮಟ್ಟಿಗೆ ಸಾಕು. ಹೆಚ್ಚಿನದಕ್ಕೆ ಔಷಧ ಬೇಕಾಗುತ್ತದೆ. “ಗುಳಿಗೆ ತಗೊಂಡ್ರ ಕೂಸಿಗೆ ಹಾಲು ಕೊಡಾಕ ಆಗೂದಿಲ್ಲ” ಎಂಬ ಹೆದರಿಕೆಯಿಂದ ಎಷ್ಟೋ ಮನೆಗಳವರು ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಮೊಲೆಯುಣಿಸುವ ತಾಯಂದಿರಿಗೆ ಕೊಡಬಹುದಾದ ಔಷಧಗಳು ಇವೆ. ಸರ್ಟ್ರಾಲಿನ್ ಎಂಬುದು ಅವುಗಳಲ್ಲಿ ಒಂದು, ಅದು ತಾಯಿಯ ಹಾಲಿಗೆ ಇಳಿಯುವ ಪ್ರಮಾಣ ಅತ್ಯಲ್ಪ. ಯಾವುದನ್ನು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅಂಗಡಿಯಿಂದ ತಾವಾಗಿ ತಂದು ನುಂಗಬಾರದು. ಔಷಧದ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಚೇತರಿಸಿಕೊಂಡ ಕೂಡಲೇ ನಿಲ್ಲಿಸದೆ, ವೈದ್ಯರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ ಆರು ತಿಂಗಳಾದರೂ, ಮುಂದುವರಿಸಬೇಕಾಗುತ್ತದೆ.

ನಮ್ಮ ಸೀಮೆಯ ಜನರಿಗೆ ಚಿಕಿತ್ಸೆ ಎಟುಕದಷ್ಟು ದೂರದಲ್ಲೇನೂ ಇಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ, ಇಂದಿನ ಡಿಮ್ಹಾನ್ಸ್, 1845ರಲ್ಲಿ ಆರಂಭವಾದುದು. ಸವದತ್ತಿಯಿಂದ ನೇರ ರಸ್ತೆ ಇದೆ. ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದುಹೋಗುವ ಏರ್ಪಾಡು ಇದೆ. ಬರುವ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ತುರ್ತು ಪ್ರಸಂಗದಲ್ಲಿ 108 ವಾಹನವಂತೂ ಇದ್ದೇ ಇದೆ.

ದೂರ ಇರುವುದು ನಮ್ಮ ಮನಸ್ಸಿನಲ್ಲಿ. ‘ಇವರನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತನ್ನು ನಾವು ಗೇಲಿಗಾಗಿ ಎಷ್ಟು ಸಲ ಆಡಿಲ್ಲ? ಆ ಗೇಲಿಯನ್ನು ಕೇಳಿ ಬೆಳೆದ ಮನೆಗಳವರು ನಿಜವಾಗಿ ಮಗಳನ್ನು ಧಾರವಾಡಕ್ಕೆ ಕರೆದೊಯ್ಯಬೇಕಾದಾಗ, ‘ಊರವರು ಏನಂದಾರು? ಬೀಗರಿಗೆ ಗೊತ್ತಾದರೆ ಗತಿಯೇನು?’ ಎಂದು ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ನಾಲಿಗೆಯ ಮೇಲೆ ಸಲೀಸಾಗಿ ಬರುವ ಒಂದು ಹಾಸ್ಯದ ಮಾತು ಯಾರದೋ ಮನೆಯ ಬಾಣಂತಿಗೆ ಚಿಕಿತ್ಸೆಯ ಬಾಗಿಲನ್ನು ಮುಚ್ಚುತ್ತದೆಂಬುದನ್ನು ಅರಿತರೆ ನಾವು ಆ ಮಾತನ್ನು ಇನ್ನು ಆಡಲಾರೆವು.

ಆಸ್ಪತ್ರೆಗೆ ಸೇರಿಸಿದರೆ ಕೂಸನ್ನು ತಾಯಿಯಿಂದ ಅಗಲಿಸುತ್ತಾರೆಂಬುದು ಇನ್ನೊಂದು ಭಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾನಸಿಕ ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದು. ತಾಯಿಯಿಂದ ಕೂಸಿಗೆ ಅಪಾಯವಿದೆಯೆಂದು ವೈದ್ಯರಿಗೆ ಅನ್ನಿಸಿದಾಗ ಮಾತ್ರ ತಾತ್ಕಾಲಿಕವಾಗಿ ಹಾಗೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2009ರಷ್ಟು ಹಿಂದೆಯೇ ತಾಯಿ ಮತ್ತು ಕೂಸು ಒಟ್ಟಿಗೆ ಉಳಿದು ಚಿಕಿತ್ಸೆ ಪಡೆಯುವ ವಿಶೇಷ ವಿಭಾಗವನ್ನು ತೆರೆಯಿತು. ಇಂತಹ ವಿಭಾಗಗಳು ಉತ್ತರ ಕರ್ನಾಟಕದಲ್ಲಿಯೂ ಬೇಕು. ಕೂಸನ್ನು ಎತ್ತಿಕೊಂಡು ಬೆಂಗಳೂರಿನವರೆಗೆ ಹೋಗುವ ಶಕ್ತಿ ಎಷ್ಟು ಕುಟುಂಬಗಳಿಗಿದೆ?

ಓದು, ಸ್ಥಾನಮಾನ, ಅನುಕೂಲಗಳು ಇದ್ದವರಿಗೆ ಈ ಅಪಾಯ ಇಲ್ಲವೆಂದು ಯಾರೂ ತಿಳಿಯಬಾರದು. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ, ರಾಜ್ಯದ ಪ್ರಮುಖ ರಾಜಕೀಯ ಮನೆತನಕ್ಕೆ ಸೇರಿದ ಯುವ ವೈದ್ಯೆಯೊಬ್ಬರು ಎಳೆಗೂಸನ್ನು ಅಗಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರು ಹೆರಿಗೆಯ ನಂತರದ ಖಿನ್ನತೆಯಿಂದ ಬಳಲುತ್ತಿದ್ದರೆಂದು ಆಗಿನ ಗೃಹ ಸಚಿವರು ಬಹಿರಂಗವಾಗಿ ತಿಳಿಸಿದರು. ಆ ದುರಂತದ ನಂತರ ಕೆಲವು ದಿನ ಈ ರೋಗದ ಹೆಸರು ಮನೆ ಮನೆಗಳಲ್ಲಿ ಕೇಳಿಬಂದಿತು. ಬಳಿಕ ಎಲ್ಲವೂ ಮೊದಲಿನಂತಾಯಿತು. ವೈದ್ಯರ ಮನೆಯಲ್ಲಿಯೇ ಹೀಗಾಗಬಹುದಾದರೆ, ಮನೋವೈದ್ಯರನ್ನೇ ಕಂಡರಿಯದ ಹಳ್ಳಿಯ ಹೆಣ್ಣುಮಗಳ ಪಾಡೇನು ಎಂದು ಯೋಚಿಸುವ ಹೊಣೆ ನಮ್ಮದು.

ನಮ್ಮ ಜಿಲ್ಲೆಯೇ ತೋರಿದ ದಾರಿ

ಹಳ್ಳಿಯಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಬೆಳಗಾವಿ ಜಿಲ್ಲೆಯ ಒಂದು ಉದಾಹರಣೆಯನ್ನು ನೆನಪಿಸುತ್ತೇವೆ. 2002ರಿಂದ 2005ರವರೆಗೆ ಈ ಜಿಲ್ಲೆಯ ಹಳ್ಳಿಗಳಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಪಾಲ್ಗೊಂಡ ಅಧ್ಯಯನವೊಂದು 1620 ಹೆರಿಗೆಗಳಲ್ಲಿ ನಡೆಯಿತು. ಹೆರಿಗೆಯಾದ ಕೂಡಲೇ ಉಪಕೇಂದ್ರದ ದಾದಿಯರು ತಾಯಿಗೆ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ಅತಿಯಾದ ರಕ್ತಸ್ರಾವವನ್ನು ತಡೆಯಬಹುದೇ ಎಂಬುದು ಪ್ರಶ್ನೆ. ಗುಳಿಗೆ ಪಡೆಯದವರಲ್ಲಿ ಶೇ. 12 ಮಂದಿಗೆ ಅತಿ ರಕ್ತಸ್ರಾವವಾದರೆ, ಪಡೆದವರಲ್ಲಿ ಅದು ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತೇ ಗಮನಿಸಿತು. ದೊಡ್ಡ ಆಸ್ಪತ್ರೆಗಳಿಲ್ಲದ ಹಳ್ಳಿಗಳಲ್ಲಿ, ಸಾಮಾನ್ಯ ದಾದಿಯರ ಕೈಯಿಂದ ನಡೆದ ಕೆಲಸ ಇದು.

ಬಾಣಂತಿಯ ದೇಹಕ್ಕೆ ಸಾಧ್ಯವಾದುದು ಅವಳ ಮನಸ್ಸಿಗೆ ಏಕೆ ಸಾಧ್ಯವಾಗದು? ನೆರೆಯ ಪಾಕಿಸ್ತಾನದ ರಾವಲ್ಪಿಂಡಿ ಸೀಮೆಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರಿಗೆ ಸರಳ ತರಬೇತಿ ಕೊಟ್ಟು, ಖಿನ್ನತೆಯಿಂದ ಬಳಲುವ ಗರ್ಭಿಣಿಯರ ಮನೆಗಳಿಗೆ ಕಳಿಸಿ, ಹೆರಿಗೆಯ ನಂತರವೂ ಭೇಟಿಗಳನ್ನು ಮುಂದುವರಿಸಲಾಯಿತು. ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ, ಸಾಮಾನ್ಯ ಭೇಟಿಗಳಷ್ಟೇ ದೊರೆತವರಲ್ಲಿ ಶೇ. 53 ಮಂದಿ ಇನ್ನೂ ಖಿನ್ನರಾಗಿದ್ದರೆ, ಈ ವಿಶೇಷ ಭೇಟಿ ದೊರೆತವರಲ್ಲಿ ಶೇ. 23 ಮಂದಿ ಮಾತ್ರ ಹಾಗೆ ಉಳಿದಿದ್ದರು. 2008ರಲ್ಲಿ ಪ್ರಕಟವಾದ ಈ ವಿಧಾನವನ್ನು ನಂತರ ಗೋವಾದಲ್ಲಿ ನೆರೆಹೊರೆಯ ಸಾಮಾನ್ಯ ಮಹಿಳೆಯರ ಮೂಲಕವೇ ನಡೆಸಿ ನೋಡಲಾಯಿತು. ಫಲ ಅಷ್ಟು ದೊಡ್ಡದಲ್ಲದಿದ್ದರೂ ದಾರಿ ಸರಿಯಾದುದೆಂದು ಕಂಡುಬಂದಿತು.

ನಮ್ಮಲ್ಲಿ ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆರು ಸಲ ಹೋಗಬೇಕೆಂಬ ನಿಯಮವಿದೆ. ಆ ಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಕೂಸಿಗೆ ಚುಚ್ಚುಮದ್ದು ಹಾಕಿಸಲು ತಾಯಿಯೇ ಬರುತ್ತಾಳೆ. ಹೀಗೆ ಮೂರೂವರೆ ತಿಂಗಳಲ್ಲಿ ಒಂಬತ್ತು ಸಲ ಆರೋಗ್ಯ ಇಲಾಖೆ ಅವಳ ಎದುರಿಗೆ ಇರುತ್ತದೆ. ಪ್ರತಿ ಸಲವೂ ಕೂಸಿನ ತೂಕ, ಹೊಕ್ಕುಳು, ಜ್ವರ ನೋಡುವ ಜೊತೆಗೆ, “ಹೆಂಗದೀಯವ್ವಾ ತಂಗೀ, ಮನಸ್ಸಿಗೆ ಸಮಾಧಾನ ಐತೇನು?” ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳುವಂತಾಗಲಿ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ; ಗೌರವಧನಕ್ಕಾಗಿ ಅವರು ಬೀದಿಗಿಳಿಯಬೇಕಾದ ಪರಿಸ್ಥಿತಿಯನ್ನು ನಾವು ಕಂಡಿದ್ದೇವೆ. ತರಬೇತಿಯೂ ತಕ್ಕ ಸಂಭಾವನೆಯೂ ಇಲ್ಲದೆ ಇನ್ನೊಂದು ಕೆಲಸವನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇವೆರಡನ್ನೂ ಒದಗಿಸುವುದು ಸರ್ಕಾರದ ಕರ್ತವ್ಯ.

ಮನೆಯ ಪಾಲು, ಸಮಾಜದ ಪಾಲು

ನಮ್ಮ ಹಿರಿಯರು ಕಟ್ಟಿಕೊಟ್ಟ ಬಾಣಂತನ ಒಂದು ದೊಡ್ಡ ಸಂಪತ್ತು. ಹೆತ್ತ ತಾಯಿಗೆ ತವರಿನ ಆಸರೆ, ಕೆಲಸದಿಂದ ಬಿಡುವು, ಎಣ್ಣೆ ನೀರು, ಬಿಸಿ ಊಟ ಇವೆಲ್ಲ ಖಿನ್ನತೆಯನ್ನು ತಡೆಯುವ ಸಾಧನಗಳೇ ಆಗಿವೆ. ಆದರೆ ಅದರೊಳಗೆ ಸೇರಿಕೊಂಡಿರುವ ಕೆಲವು ಕಟ್ಟುಗಳನ್ನು ಸಡಿಲಿಸಬೇಕು. ಬಾಯಾರಿದವಳಿಗೆ ನೀರು ಕೊಡದಿರುವುದು, ಹಣ್ಣು ಕಾಯಿಪಲ್ಯ ಬೇಡವೆನ್ನುವುದು, ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಹೊಗೆಯ ನಡುವೆ ತಿಂಗಳುಗಟ್ಟಲೆ ಕೂಡಿಸುವುದು ದೇಹಕ್ಕೂ ಹಿತವಲ್ಲ, ಮನಸ್ಸಿಗೂ ಹಿತವಲ್ಲ. ದಿನಕ್ಕೊಮ್ಮೆ ಅಂಗಳದ ಬಿಸಿಲಿಗೆ ಬಂದು ಕುಳಿತರೆ, ಗೆಳತಿಯೊಡನೆ ನಾಲ್ಕು ಮಾತಾಡಿದರೆ ಶಾಸ್ತ್ರವೇನೂ ಕೆಡುವುದಿಲ್ಲ.

ರಾತ್ರಿ ಒಂದು ಹೊತ್ತು ಕೂಸನ್ನು ಅಜ್ಜಿಯೋ ತಂದೆಯೋ ಎತ್ತಿಕೊಂಡು, ತಾಯಿಗೆ ನಾಲ್ಕೈದು ತಾಸು ಸಲಗ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು ಯಾವ ಔಷಧಕ್ಕೂ ಕಡಿಮೆಯಲ್ಲ. ಅಳಿಯನು ತವರಿಗೆ ಬಂದು ನೆಂಟನಂತೆ ಕುಳಿತು ಹೋಗದೆ ಕೂಸನ್ನು ಎತ್ತಿಕೊಳ್ಳಲಿ, ಬಟ್ಟೆ ಬದಲಿಸಲಿ, ಹೆಂಡತಿಯ ಮಾತನ್ನು ನಡುವೆ ಬಾಯಿ ಹಾಕದೆ ಕೇಳಲಿ. ಹಿಂದೆ ಖಿನ್ನತೆ ಬಂದುಹೋದ ಹೆಣ್ಣುಮಗಳಿದ್ದರೆ ಗರ್ಭಿಣಿಯಾದಾಗಲೇ ವೈದ್ಯರಿಗೆ ತಿಳಿಸಬೇಕು. ನಡೆದಿರುವ ಔಷಧವನ್ನು ಅವರನ್ನು ಕೇಳದೆ ನಿಲ್ಲಿಸಬಾರದು. ಕೂಸನ್ನು ಕಳೆದುಕೊಂಡ ತಾಯಿಯನ್ನಂತೂ ನಾವು ಪೂರ್ತಿ ಮರೆಯುತ್ತೇವೆ. ತೊಟ್ಟಿಲಿಲ್ಲದ ಮನೆಗೆ ಯಾರೂ ಹೋಗುವುದಿಲ್ಲ. ಎಲ್ಲರಿಗಿಂತ ಮೊದಲು ಹೋಗಬೇಕಾದುದು ಅಲ್ಲಿಗೆ.

ನಮ್ಮ ಧರ್ಮಕೇಂದ್ರಗಳಿಗೂ ಇಲ್ಲಿ ಕೆಲಸವಿದೆ. ಜ್ಞಾನಸ್ನಾನದ ದಿನವನ್ನು ಗೊತ್ತುಮಾಡಲು ಮನೆಯವರು ಬಂದಾಗ, ಕೂಸಿನ ಹೆಸರನ್ನು ಬರೆದುಕೊಳ್ಳುವ ಮೊದಲು ತಾಯಿಯ ಕ್ಷೇಮವನ್ನು ವಿಚಾರಿಸುವ ವಾಡಿಕೆಯನ್ನು ಗುರುಗಳು ಬೆಳೆಸಲಿ. ಮನೆಗಳನ್ನು ಸಂದರ್ಶಿಸುವ ಧರ್ಮಭಗಿನಿಯರು, ಮಹಿಳಾ ಸಂಘದವರು ಒಂದು ಗಳಿಗೆ ಬಾಣಂತಿಯೊಡನೆ ಏಕಾಂತದಲ್ಲಿ ಮಾತನಾಡಲಿ. ‘ನನಗೆ ಕೂಸಿನ ಮೇಲೆ ಪ್ರೀತಿ ಬರುತ್ತಿಲ್ಲ, ನಾನು ಪಾಪಿ’ ಎಂದು ಕೊರಗುವವಳಿಗೆ, ‘ಇನ್ನೂ ಹೆಚ್ಚು ಪ್ರಾರ್ಥನೆ ಮಾಡು’ ಎಂದಷ್ಟೇ ಹೇಳಿ ಕಳಿಸುವುದು ಸಲ್ಲದು. ಇದು ಪಾಪವಲ್ಲ, ಭಕ್ತಿಯ ಕೊರತೆಯೂ ಅಲ್ಲ; ಇದು ಬೇನೆ. ಕಾಮಾಲೆಯಾದವಳನ್ನು ವೈದ್ಯರ ಬಳಿಗೆ ಕಳಿಸಿ ಅವಳಿಗಾಗಿ ಪ್ರಾರ್ಥಿಸುವ ನಾವು ಇವಳ ವಿಷಯದಲ್ಲಿಯೂ ಅದನ್ನೇ ಮಾಡಬೇಕು. ಅವಳು ಹೇಳಿದ್ದು ಊರ ಬಾಯಿಗೆ ಬೀಳದಂತೆ ಕಾಯುವುದೂ ನಮ್ಮ ಹೊಣೆ.

ತನ್ನ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬಿಟ್ಟುಹೋದ ತ್ಯಾಗವೀರ ಲಿಂಗರಾಜ ದೇಸಾಯಿಯವರ ಊರು ಸಿರಸಂಗಿ. ಮುಂದಿನ ಪೀಳಿಗೆಗಾಗಿ ಏನನ್ನು ಕೊಡಬೇಕೆಂದು ಈ ಸೀಮೆಗೆ ಹೊರಗಿನವರು ಕಲಿಸಬೇಕಾಗಿಲ್ಲ. ಇಂದು ಬೇಕಾಗಿರುವ ದಾನ ಆಸ್ತಿಯಷ್ಟು ದೊಡ್ಡದಲ್ಲ. ಒಂದು ಪ್ರಶ್ನೆ, ಉತ್ತರವನ್ನು ಕೇಳುವಷ್ಟು ತಾಳ್ಮೆ, ಅವಶ್ಯವಿದ್ದರೆ ಆಸ್ಪತ್ರೆಯವರೆಗೆ ಜೊತೆಗೆ ಹೋಗುವ ಒಂದು ದಿನ. ಮುಂದಿನ ಸಲ ಬಾಣಂತಿಯ ಮನೆಗೆ ಹೋಗುವ ನಮ್ಮ ವಾಚಕರು, ಕೂಸಿನ ಕೈಗೆ ಹಣ ಇಟ್ಟು ಹರಸಿದ ಮೇಲೆ, ಅದರ ತಾಯಿಯ ಪಕ್ಕದಲ್ಲಿಯೂ ಸ್ವಲ್ಪ ಹೊತ್ತು ಕುಳಿತು ಬರಬೇಕೆಂದು ಕಳಕಳಿಯಿಂದ ವಿನಂತಿಸುತ್ತೇವೆ.